ತುರುವನೂರಿನ ಈಚಲು ವನ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಿಂದ ಹೊರಟು, ಚಿತ್ರದುರ್ಗವನ್ನು ದಾಟಿ ಉತ್ತರಕ್ಕೆ ಸಾಗಿದರೆ ತುರುವನೂರು ಸಿಗುತ್ತದೆ. 1939ರಲ್ಲಿ ಇಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ವನವನ್ನು ಹೊಕ್ಕರು. ಇದಕ್ಕೆ ಅರಣ್ಯ ಸತ್ಯಾಗ್ರಹವೆಂಬ ಹೆಸರು ನಿಂತಿದೆ. ಹೆಸರನ್ನು ಮಾತ್ರ ಕೇಳಿದವರು ಸೌದೆ, ಹುಲ್ಲುಗಾವಲಿನ ಹಕ್ಕಿಗಾಗಿ ನಡೆದ ಚಳವಳಿಯೆಂದು ಭಾವಿಸುವುದುಂಟು. ಕೊಡಲಿಯ ಗುರಿ ಮಾತ್ರ ಹೆಂಡವಾಗಿತ್ತು.

ಈಚಲು ಮರದ ತಲೆಯ ಕೆಳಗೆ ಕೆತ್ತಿ ಇರುಳು ಮಡಕೆ ಕಟ್ಟಿದರೆ ನಸುಕಿನಲ್ಲಿ ದೊರೆಯುವುದು ಸಿಹಿಯಾದ ನೀರಾ. ಹೊತ್ತೇರಿದಂತೆ ಅದು ಹುಳಿತು ಸೇಂದಿಯಾಗುತ್ತದೆ. ಹುಳಿಯುವುದೆಂದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದೆಂದೇ ಅರ್ಥ. ಮದ್ಯವು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವೆಂದು ನಮ್ಮ ಆಚಾರ್ಯರು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ಹೇಳಿದ್ದರು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳನ್ನು ಎಣಿಸಿದ್ದಾರೆ.

ಆ ಮರಗಳು ಯಾರ ಸೊತ್ತೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಮೈಸೂರು ಸಂಸ್ಥಾನದ ಪ್ರಧಾನ ವರಮಾನಗಳಲ್ಲಿ ಅಬಕಾರಿಯೂ ಒಂದು. ಹೆಂಡದ ಹಕ್ಕು ಹರಾಜಾಗುತ್ತಿತ್ತು. ಗುತ್ತಿಗೆದಾರನು ಕಟ್ಟಿದ ಹಣವು ಕೊನೆಗೆ ಕೂಲಿಯವನ ಜೇಬಿನಿಂದಲೇ ಬರಬೇಕಾಗಿತ್ತು. ವ್ಯಾಪಾರ ಬಲ್ಲವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ ಕಡಿದವರು ಕಡಿದದ್ದು ಸರ್ಕಾರದ ಆದಾಯವನ್ನು. ಆದುದರಿಂದಲೇ ಶಿಕ್ಷೆಯೂ ಬಂತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಈ ಚಳವಳಿಯ ಮುಂದಾಳಾಗಿ ಸೆರೆಮನೆ ಸೇರಿದರು. ಅವರ ವಕೀಲಿ ಸನ್ನದೂ ರದ್ದಾಯಿತು.

ಜೈನ ಓದುಗರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಮರವೂ ಏಕೇಂದ್ರಿಯ ಜೀವ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಮರ ಕಡಿಯುವ ವನಕರ್ಮವಿದೆ. ಮದ್ಯಾದಿಗಳನ್ನು ಮಾರುವ ರಸವಾಣಿಜ್ಯವೂ ಅದೇ ಪಟ್ಟಿಯಲ್ಲಿದೆ. ಆ ನಿಷೇಧವು ಜೀವನೋಪಾಯವನ್ನು ಕುರಿತದ್ದು, ಸತ್ಯಾಗ್ರಹಿಗಳು ಲಾಭಕ್ಕಾಗಿ ಕಡಿಯಲಿಲ್ಲ ಎಂದು ಸಮಾಧಾನ ಹೇಳಬಹುದು. ಆದರೂ ಕಡಿದುಬಿದ್ದ ಮರದ ಹಿಂಸೆಯು ಹಿಂಸೆಯಲ್ಲವೆಂದು ಹೇಳಲಾಗದು. ಕುಡಿಯುವವನ ದೋಷವನ್ನು ಮರದ ಮೇಲೆ ಹೊರಿಸಿದಂತಾಯಿತೆಂಬ ಆಕ್ಷೇಪಕ್ಕೂ ಸ್ವಲ್ಪ ಬೆಲೆಯಿದೆ. ರಸವಾಣಿಜ್ಯದ ಮಾತು ಇದಕ್ಕಿಂತ ಹತ್ತಿರದ್ದು: ತಾನು ಹನಿಯನ್ನೂ ಮುಟ್ಟದೆ, ಮದ್ಯದಂಗಡಿಗೆ ಮಳಿಗೆ ಬಾಡಿಗೆ ಕೊಟ್ಟು, ಆ ಹಣದಲ್ಲಿ ಬಸದಿಗೆ ಕಾಣಿಕೆ ಸಲ್ಲಿಸುವವನನ್ನು ಶಾಸ್ತ್ರವು ಯಾವ ಸಾಲಿನಲ್ಲಿ ಕೂರಿಸುತ್ತದೆ? ಬಸದಿಯ ಆಡಳಿತ ನೋಡುವವರು ಈ ಪ್ರಶ್ನೆಯನ್ನು ರಸೀದಿ ಬರೆಯುವ ಮೊದಲೇ ಕೇಳಿಕೊಳ್ಳಬೇಕಾಗುತ್ತದೆ.

ಸ್ವಾತಂತ್ರ್ಯದ ನಂತರ ಸಂವಿಧಾನದ 47ನೆಯ ವಿಧಿಯು ಪಾನನಿಷೇಧವನ್ನು ರಾಜ್ಯದ ಗುರಿಯಾಗಿಸಿತು. ಮೈಸೂರು ರಾಜ್ಯದಲ್ಲಿ ಜಾರಿಯಲ್ಲಿದ್ದ ನಿಷೇಧವು 1967ರಲ್ಲಿ ತೆರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರೇ. ಇದನ್ನು ಎತ್ತಿ ಆ ಹಿರಿಯರನ್ನು ಹಳಿಯುವುದು ಸುಲಭ. ಆದರೆ ಕಳ್ಳಭಟ್ಟಿಯನ್ನು ತಡೆಯುವ ಹೊಣೆ, ಬರಿದಾಗುವ ಬೊಕ್ಕಸದ ಚಿಂತೆ 1939ರ ಸತ್ಯಾಗ್ರಹಿಗೆ ಇರಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಇತರ ಮದ್ಯಗಳ ಮಾರಾಟ ಮುಂದುವರಿಯಿತು. ರಾಜ್ಯದ ಆಯವ್ಯಯದಲ್ಲಿ ಅಬಕಾರಿಯ ಬಾಬ್ತು ಇಂದಿಗೂ ಜಮೆಯ ಕಡೆಯಲ್ಲಿಯೇ ಇದೆ.