ಚಾಲನೆಗೊಳ್ಳದ ಕಂಪ್ಯೂಟರ್ ಮತ್ತು ನಮ್ಮ ಜಿಲ್ಲೆಯ ವಿದ್ಯುತ್ತಿನ ಹಾದಿ



"ಕಂಪ್ಯೂಟರ್ ಆನ್ ಆಗುತ್ತಿಲ್ಲ" ಎಂಬ ಮಾತು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಲೆ, ಕಚೇರಿ, ಅಂಗಡಿಗಳಲ್ಲಿ ಕಳೆದ ಕಾಲು ಶತಮಾನದಿಂದ ಕೇಳಿಬರುತ್ತಿದೆ. ಈ ಮಾತು ಕಿವಿಗೆ ಬಿದ್ದೊಡನೆ ಬಹುತೇಕರು ಪೆಟ್ಟಿಗೆಯನ್ನೇ ದೂರುತ್ತಾರೆ. ಆದರೆ ದೋಷವು ಅನೇಕ ವೇಳೆ ಪೆಟ್ಟಿಗೆಯ ಹೊರಗೆ, ಗೋಡೆಯ ಆಚೆ, ಕೆಲವೊಮ್ಮೆ ಊರಿನಾಚೆಯೂ ಇರುತ್ತದೆ. ದೋಷವನ್ನು ಹುಡುಕುವುದೆಂದರೆ ವಿದ್ಯುತ್ತು ಬಂದ ಹಾದಿಯನ್ನು ಮೂಲದಿಂದ ಕ್ರಮವಾಗಿ ನಡೆದು ಬರುವುದು. ಈ ಪಾಠ ನಮ್ಮ ಸೀಮೆಗೆ ಕಂಪ್ಯೂಟರಿಗಿಂತ ನೂರು ವರ್ಷ ಹಳೆಯದು. ಅದನ್ನು ಇಲ್ಲಿ ನೆನಪಿಸಬಯಸುತ್ತೇನೆ.

ನಮ್ಮ ನಾಲ್ಕೂ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು ಎಂಬುದು ನಿಮಗೆ ಗೊತ್ತಿದೆ. ಅದೇ ಜಿಲ್ಲೆಯ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ತಂತಿಮಾರ್ಗದ ಉದ್ದ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ನಮ್ಮ ಹಳೆಯ ಜಿಲ್ಲೆಯ ಒಂದು ಮೂಲೆ ವಿದ್ಯುತ್ತನ್ನು ಕಂಡಿತು. ಆದರೆ ಅದು ಗಣಿಯ ಯಂತ್ರಗಳಿಗೆ ಬಂದ ವಿದ್ಯುತ್ತೇ ಹೊರತು ಹಳ್ಳಿಯ ಮನೆಗಳಿಗೆ ಬಂದುದಲ್ಲ.

ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದರೆ ಗಣಿಗೆ ತಲುಪುವ ವಿದ್ಯುತ್ತಿಗೂ ಕೊರತೆ. ಇಲ್ಲಿ ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರುತ್ತದೆ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದ ಅವರು ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ಪಟ್ಟು ಹಿಡಿದುದಕ್ಕೆ ನೀರಾವರಿಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು. 1911ರಲ್ಲಿ ಕೆಲಸ ಆರಂಭವಾಯಿತು. ಗಣಿಯಲ್ಲಿ ಯಂತ್ರ ನಿಂತರೆ ಯಂತ್ರವನ್ನು ಬಿಚ್ಚುತ್ತ ಕೂರದೆ, ಹಾದಿಯನ್ನು ಹಿಂದಕ್ಕೆ ಹಿಡಿದು ನದಿಯವರೆಗೆ ನೋಡಿದ ವಿವೇಕವದು.

ನಮ್ಮ ಊರುಗಳ ಕಥೆ ಬೇರೆ. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಗಿ, 1960ರ ದಶಕದ ಮಧ್ಯದಲ್ಲಿ ಶರಾವತಿಯ ವಿದ್ಯುತ್ತು ಬಂದ ಮೇಲೆ ಕಂಬಗಳು ಹಳ್ಳಿ ಹಳ್ಳಿಗೂ ನಡೆದವು. ನಂದಿಬೆಟ್ಟದ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳಲ್ಲಿ ವರ್ಷವಿಡೀ ನೀರಿಲ್ಲ. ಆದುದರಿಂದ ದ್ರಾಕ್ಷಿ, ಹಿಪ್ಪುನೇರಳೆ, ಟೊಮೇಟೊ ಎಲ್ಲವೂ ಕೊಳವೆ ಬಾವಿಯನ್ನು ನಂಬಿದವು. ನೀರು ಆಳಕ್ಕೆ ಇಳಿದಂತೆ ಪಂಪ್‌ಸೆಟ್ಟುಗಳು ದೊಡ್ಡದಾದವು, ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಹೊರೆ ಏರಿತು. ಸರದಿಯ ಮೇಲೆ ಕರೆಂಟು, ಸಂಜೆಗೆ ಸಿಂಗಲ್ ಫೇಸ್, ಮಾರ್ಗದ ಕೊನೆಯ ಹಳ್ಳಿಗಳಲ್ಲಿ ಮಿಣುಕುವ ಬಲ್ಬು, ಇವನ್ನೆಲ್ಲ ನೀವೂ ಅನುಭವಿಸಿದ್ದೀರಿ. ಕೃಷಿಗೂ ಮನೆಗೂ ಬೇರೆ ಬೇರೆ ಮಾರ್ಗ ಎಳೆದ ‘ನಿರಂತರ ಜ್ಯೋತಿ’ ಯೋಜನೆ ಬಂದುದು ಬಹಳ ತಡವಾಗಿ.

ಕಂಪ್ಯೂಟರ್ ಕಾಲಿಟ್ಟಿದ್ದು ಇಂತಹ ತಂತಿಯ ತುದಿಗೆ. 2000ದಿಂದ 2002ರ ಅವಧಿಯಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಸುಳ್ಳು ತಿದ್ದುಪಡಿಗಳಿಗೆ ಕಡಿವಾಣ ಬಿದ್ದದ್ದು ದೊಡ್ಡ ಲಾಭ. ಆದರೆ ಅಲ್ಲಿಂದ ಮುಂದೆ ಬೆಳೆಸಾಲಕ್ಕೆ ಪಹಣಿ ಬೇಕಾದ ರೈತನ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಒಂದು ಪೆಟ್ಟಿಗೆ ಹೊತ್ತಿಕೊಳ್ಳುವುದನ್ನೇ ಅವಲಂಬಿಸಿದವು. ಮುಂದೆ ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜೂ ಕಂಪ್ಯೂಟರಿಗೆ ಬಂದಿತು. ಯಂತ್ರ ನಿಂತರೆ ಗೂಡು ಕಾಯುವುದಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಹೊರಬರುತ್ತದೆ.

ಶಾಲೆಗಳಲ್ಲಿ ನಷ್ಟ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ. ನಾನು ಬಲ್ಲ ಒಂದು ಶಾಲೆಯಲ್ಲಿ ದಾನಿಗಳು ಕೊಟ್ಟ ಯಂತ್ರವೊಂದು ನಿಂತುಹೋದ ಮೇಲೆ ಅದಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿ ಇಡಲಾಗಿತ್ತು. ದಾಸ್ತಾನು ಪುಸ್ತಕಕ್ಕೆ ಏರಿದ ವಸ್ತುವಿನ ಮುಚ್ಚಳ ತೆರೆಯಲು ಯಾರಿಗೂ ಧೈರ್ಯವಿರಲಿಲ್ಲ. ಎರಡು ತಂಡದ ಮಕ್ಕಳು ಕೀಲಿಮಣೆಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿ ಹತ್ತನೆಯ ತರಗತಿ ದಾಟಿದರು. ಕೊನೆಗೆ ದುರಸ್ತಿಗಾರನೊಬ್ಬ ಬಂದು ನೋಡಿದಾಗ ಸತ್ತಿದ್ದುದು ಯು.ಪಿ.ಎಸ್.ನ ಬ್ಯಾಟರಿ, ಕಂಪ್ಯೂಟರ್ ಅಲ್ಲ.

ಈಗ ಪೆಟ್ಟಿಗೆಯ ಇತಿಹಾಸಕ್ಕೆ ಬರೋಣ. 1984ರ ಐ.ಬಿ.ಎಂ. ಎ.ಟಿ. ಮಾದರಿಯ ವಂಶದ ಯಂತ್ರಗಳಲ್ಲಿ ಗುಂಡಿ ಒತ್ತಿದರೆ ಮುಖ್ಯ ವಿದ್ಯುತ್ತೇ ಕೂಡುತ್ತಿತ್ತು, ಮನೆಯ ದೀಪದ ಸ್ವಿಚ್ಚಿನಂತೆ. 1995ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ವಿನ್ಯಾಸವನ್ನು ತಂದಿತು. ಅಲ್ಲಿಂದೀಚೆಗೆ ಮುಂಬದಿಯ ಗುಂಡಿ ವಿದ್ಯುತ್ತನ್ನು ಕೂಡಿಸುವುದಿಲ್ಲ, ಮದರ್‌ಬೋರ್ಡಿಗೆ ಒಂದು ಕೋರಿಕೆ ಸಲ್ಲಿಸುತ್ತದೆ, ಅಷ್ಟೇ. ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆಯು ಯಂತ್ರ ಮಲಗಿದ್ದಾಗಲೂ 5 ವೋಲ್ಟಿನ ಸಣ್ಣ ಧಾರೆಯನ್ನು ಕೊಡುತ್ತಿರುತ್ತದೆ. ಕೋರಿಕೆ ಬಂದಾಗ 12, 5 ಮತ್ತು 3.3 ವೋಲ್ಟುಗಳ ಮುಖ್ಯ ಧಾರೆಗಳನ್ನು ತೆರೆದು, ಎಲ್ಲವೂ ಸರಿಯಾಗಿದೆ ಎಂಬ ಸಂಕೇತ ಕಳಿಸುತ್ತದೆ. ಆ ಸಂಕೇತ ತಲುಪದೆ ಯಂತ್ರ ಮುಂದುವರಿಯದು. ಆದುದರಿಂದ ಗುಂಡಿ ಒತ್ತಿದಾಗ ಏನೂ ಆಗಲಿಲ್ಲವೆಂದರೆ, ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚಿದೆ ಎಂದರ್ಥ.

ಕೊಂಡಿಗಳನ್ನು ಹೊರಗಿನಿಂದ ಒಳಕ್ಕೆ ನೋಡಬೇಕು. ಮೊದಲು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪು ಹಚ್ಚಿ ನೋಡುವುದು. ಅನಂತರ ಯು.ಪಿ.ಎಸ್. ಬಿಟ್ಟು ನೇರವಾಗಿ ಗೋಡೆಗೆ ಜೋಡಿಸುವುದು. ಬೇರೊಂದು ಪವರ್ ಕಾರ್ಡ್ ಹಾಕುವುದು. ಹಿಂಬದಿಯ ಸ್ವಿಚ್ ಆನ್ ಇದೆಯೇ ಎಂದು ನೋಡುವುದು. ಹಳೆಯ ಪೆಟ್ಟಿಗೆಗಳಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದನ್ನು 115ಕ್ಕೆ ಸರಿಸಿ ನಮ್ಮ ವಿದ್ಯುತ್ತು ಕೊಟ್ಟರೆ ಒಳಗೆ ಸಿಡಿದು ಹೋಗುತ್ತದೆ. ಸಿಡಿಲು ಅಥವಾ ಏರಿಳಿತದ ನಂತರ ಯಂತ್ರ ಸ್ತಬ್ಧವಾಗಿದ್ದರೆ, ಕಾರ್ಡ್ ಕಿತ್ತು ಮುಂಬದಿಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿ ನೋಡಬಹುದು. ಒಳಗೆ ಉಳಿದ ವಿದ್ಯುದಂಶ ಬರಿದಾಗಿ ಅನೇಕ ಯಂತ್ರಗಳು ಎಚ್ಚರಗೊಳ್ಳುತ್ತವೆ.

ಇಷ್ಟಾದ ಮೇಲೆ ಮಾತ್ರ ಮುಚ್ಚಳ, ಅದೂ ಕಾರ್ಡ್ ಕಿತ್ತ ನಂತರ. ಮದರ್‌ಬೋರ್ಡಿನ ಪುಟ್ಟ ದೀಪ ಮೊದಲೇ ಉರಿಯುತ್ತಿದ್ದರೆ 5 ವೋಲ್ಟಿನ ಧಾರೆ ತಲುಪುತ್ತಿದೆ ಎಂದು ತಿಳಿಯಬೇಕು, ಆಗ ಗುಂಡಿಯ ತಂತಿಯನ್ನು ಶಂಕಿಸಬೇಕು. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಗಟ್ಟಿಯಾಗಿ ಕೂರಿಸಬೇಕು. ನಮ್ಮ ಕೆಂಪುಮಣ್ಣಿನ ಧೂಳಿಗೆ ಇದು ಸಾಮಾನ್ಯ ಚಿಕಿತ್ಸೆ. 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಕಳಪೆ ಕೆಪಾಸಿಟರ್‌ಗಳ ಪಿಡುಗು ಹಬ್ಬಿತ್ತು. ಆ ಕಾಲದ ಬೋರ್ಡುಗಳಲ್ಲಿ ಡೋಲಿನಾಕಾರದ ಆ ಪುಟ್ಟ ಡಬ್ಬಿಗಳ ತಲೆ ಉಬ್ಬಿದ್ದರೆ ರೋಗ ಅಲ್ಲಿಯೇ. ಒಂದು ಎಚ್ಚರಿಕೆ: ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಕಾರ್ಡ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೆ ಮೀರಿದ ಆಘಾತ ಉಳಿದಿರಬಹುದು.

ಈ ಕ್ರಮವನ್ನು ನಮ್ಮ ಊರುಗಳಲ್ಲಿ ಕಾಲೇಜು ಕಲಿಸಿದ್ದಕ್ಕಿಂತ ಹೆಚ್ಚಾಗಿ ಕಲಿಸಿದವರು ರೇಡಿಯೊ, ಟಿ.ವಿ. ರಿಪೇರಿ ಮತ್ತು ಮೋಟಾರ್ ವೈಂಡಿಂಗ್ ಅಂಗಡಿಗಳ ಹುಡುಗರು. ಸುಟ್ಟ ಪಂಪ್‌ಸೆಟ್ ಕೈಗೆ ಬಂದರೆ ಮೊದಲು ಅವರು ಕೇಳುವುದು "ಮೂರೂ ಫೇಸ್ ಬರುತ್ತಿದ್ದವೇ?" ಎಂದು. ಕಂಪ್ಯೂಟರ್ ಬಂದಾಗಲೂ ಅವರು ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿದರು. ಬೀಗ ಹಾಕಿದ ಕೋಣೆಯಲ್ಲಿ ಇಲ್ಲದೆ ಹೋದುದು ಈ ಒಂದು ಪ್ರಶ್ನೆ ಮಾತ್ರ.

ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ, ವಿದೇಶಗಳಲ್ಲಿ ನೆಲೆಸಿ, ಓದಿದ ಶಾಲೆಗೆ ಕಂಪ್ಯೂಟರ್ ಕೊಡಿಸುವ ಉದಾರತೆ ತೋರುತ್ತಿದ್ದೀರಿ. ಸಂತೋಷ. ಅದರೊಡನೆ ಇನ್ನೂ ಎರಡು ಕೆಲಸ ಮಾಡಿರೆಂದು ಕೋರುತ್ತೇನೆ. ಆ ಕೋಣೆಯ ಅರ್ತಿಂಗ್ ಪರೀಕ್ಷಿಸಿರಿ. ಮಣ್ಣು ಒಣಗಿದಂತೆ ಅರ್ತ್ ಕುಳಿಯೂ ಕೆಲಸಕ್ಕೆ ಬಾರದಾಗುತ್ತದೆ, ಅದಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರೆಂದು ನಿಶ್ಚಯಿಸಿ ಬನ್ನಿ. ಎರಡನೆಯದಾಗಿ, ಯಂತ್ರದ ಮುಚ್ಚಳವನ್ನು ಒಮ್ಮೆ ಮಕ್ಕಳ ಎದುರಿನಲ್ಲಿಯೇ ತೆರೆದು ತೋರಿಸಿರಿ. ಒಳಗನ್ನು ಒಮ್ಮೆ ಕಂಡ ಮಗು, ಯಂತ್ರ ನಿಂತ ದಿನ ಹೆದರಿ ಬಟ್ಟೆ ಹೊದಿಸುವುದಿಲ್ಲ, ಸಾಕೆಟ್ಟಿನಲ್ಲಿ ಕರೆಂಟು ಇದೆಯೇ ಎಂದು ನೋಡಲು ಏಳುತ್ತದೆ.