ಲೇಖನದ ತಲೆಗೇರಿದ ಸಾರಾಂಶ

ಸಂಶೋಧನಾ ಲೇಖನದ ಮೊದಲಲ್ಲೇ ಇಂದು ಕಾಣುವ ಸಾರಾಂಶ ಬಹುಕಾಲ ಅಲ್ಲಿರಲಿಲ್ಲ. 1665ರಲ್ಲಿ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ಹುಟ್ಟಿದಾಗ ಅದರ ಎಷ್ಟೋ ಬರಹಗಳು ಪತ್ರಗಳ ರೂಪದಲ್ಲಿದ್ದು, ನೇರವಾಗಿ ವಿಷಯಕ್ಕೇ ಇಳಿಯುತ್ತಿದ್ದವು. ಸಾರಾಂಶ ಮೊದಲು ಹುಟ್ಟಿದ್ದು ಲೇಖನದ ಹೊರಗೆ, ಬೇರೆಯವರ ಕೈಯಲ್ಲಿ. ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಯ ಸಭೆಯಲ್ಲಿ ಓದಿದ ಪ್ರಬಂಧಗಳ ತಿರುಳನ್ನು ಕಾರ್ಯದರ್ಶಿಗಳು ನಡವಳಿಗಳಲ್ಲಿ ಬರೆದಿಡುತ್ತಿದ್ದರು. 1800ರಿಂದ 1830ರವರೆಗಿನ ಪ್ರಬಂಧಗಳ ಸಾರಾಂಶಗಳು 1832ರಲ್ಲಿ ಅಚ್ಚಾಗತೊಡಗಿದವು. ಆ ಮಾಲೆಗೇ 1854ರಲ್ಲಿ ‘ಪ್ರೊಸೀಡಿಂಗ್ಸ್’ ಎಂಬ ಹೆಸರು ಬಂತು.

ಅಷ್ಟರಲ್ಲಿ ಜರ್ಮನಿಯಲ್ಲಿ ಸಾರಾಂಶ ಬರೆಯುವುದೇ ಒಂದು ಕಸುಬಾಗಿತ್ತು. 1830ರಲ್ಲಿ ಲೈಪ್‌ಜಿಗ್‌ನಲ್ಲಿ ಹೊರಟ ಔಷಧಶಾಸ್ತ್ರದ ಪತ್ರಿಕೆಯೊಂದು ಬೇರೆಡೆ ಪ್ರಕಟವಾದ ಲೇಖನಗಳ ಸಾರ ಕೊಡುವುದಕ್ಕೇ ಮೀಸಲಾಗಿತ್ತು. ಮುಂದೆ ಅದು ‘ಕೆಮಿಶೆಸ್ ಝೆಂಟ್ರಾಲ್‌ಬ್ಲಾಟ್’ ಎಂದು ಹೆಸರಾಯಿತು. ಅಮೆರಿಕನ್ ಕೆಮಿಕಲ್ ಸೊಸೈಟಿ 1907ರಲ್ಲಿ ‘ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್’ ತಂದಿತು. ಮೊದಲ ವರ್ಷವೇ ಅದರಲ್ಲಿ ಸುಮಾರು 12 ಸಾವಿರ ಸಾರಾಂಶಗಳಿದ್ದವು. ಬರೆದವರು ಬಹುಪಾಲು ಬಿಡುವಿನಲ್ಲಿ ದುಡಿಯುತ್ತಿದ್ದ ರಸಾಯನಶಾಸ್ತ್ರಜ್ಞರೇ. ಇದನ್ನು ಓದುವವನ ಕೈಯಲ್ಲಿ ಮೂಲ ಲೇಖನ ಇರುತ್ತಿರಲಿಲ್ಲ. ಇದ್ದರೂ ಅದು ಅವನಿಗೆ ಬಾರದ ಭಾಷೆಯಲ್ಲಿರಬಹುದಿತ್ತು. ಆದ್ದರಿಂದ ಸಾರಾಂಶ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಿತ್ತು. ‘ಎರಡನೆಯ ಚಿತ್ರ ನೋಡಿ’ ಎನ್ನುವಂತಿರಲಿಲ್ಲ. ‘ಫಲಿತಾಂಶಗಳನ್ನು ಚರ್ಚಿಸಲಾಗಿದೆ’ ಎಂದು ನುಣುಚಿಕೊಂಡರೂ ಪ್ರಯೋಜನವಿರಲಿಲ್ಲ, ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂಬುದನ್ನೇ ಹೇಳಬೇಕಿತ್ತು. ಇಂದಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಕಲಿಸುವ ನಿಯಮಗಳು ಹೆಚ್ಚುಕಡಿಮೆ ಇವೇ. ‘ಚರ್ಚಿಸಲಾಗಿದೆ’ ಎಂಬ ನುಣುಚು ಮಾತು ಮಾತ್ರ ಇನ್ನೂ ಸತ್ತಿಲ್ಲ.

ಎರಡನೆಯ ಮಹಾಯುದ್ಧದ ನಂತರ ಲೇಖನಗಳ ಪ್ರವಾಹ ಈ ವ್ಯವಸ್ಥೆಯ ಕೈಮೀರಿತು. ಲೇಖಕರೇ ಸಾರಾಂಶ ಬರೆಯಲಿ ಎಂಬ ವಾದಕ್ಕೆ 1948ರ ರಾಯಲ್ ಸೊಸೈಟಿ ಸಮ್ಮೇಳನ ಬಲ ಕೊಟ್ಟಿತು. ಪದ್ಧತಿ ನೆಲೆಗೊಂಡದ್ದು ಮಾತ್ರ ನಿಧಾನವಾಗಿ: ಡಿಎನ್‌ಎ ರಚನೆ ಕುರಿತು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ‘ನೇಚರ್’ನಲ್ಲಿ ಬರೆದ ಲೇಖನಕ್ಕೆ ಸಾರಾಂಶವೇ ಇಲ್ಲ. ಇತ್ತ ಸಾರಾಂಶ ಪತ್ರಿಕೆಗಳೂ ಹುಟ್ಟುತ್ತಲೇ ಇದ್ದವು: ಭಾರತದ ಸಂಶೋಧನೆಗಳಿಗಾಗಿ ದೆಹಲಿಯ ವೈಜ್ಞಾನಿಕ ದಾಖಲಾತಿ ಕೇಂದ್ರ ಇನ್ಸ್‌ಡಾಕ್ 1965ರಲ್ಲಿ ‘ಇಂಡಿಯನ್ ಸೈನ್ಸ್ ಅಬ್‌ಸ್ಟ್ರಾಕ್ಟ್ಸ್’ ಆರಂಭಿಸಿತು.

ಸಾರಾಂಶ ಲೇಖಕರ ಕೈಗೆ ಬಂದ ಮೇಲೆ ಹೊಸ ತೊಡಕು ಎದ್ದಿತು. ತನ್ನ ಕೆಲಸದ ಕೊರತೆಯನ್ನು ತಾನೇ ಮುಂದಿಡುವವರು ಕಡಿಮೆ. ವೈದ್ಯಕೀಯದಲ್ಲಿ ಇದು ರೋಗಿಯ ಚಿಕಿತ್ಸೆಯನ್ನೇ ತಪ್ಪಿಸಬಹುದು, ಏಕೆಂದರೆ ಕೆಲಸದ ಒತ್ತಡದಲ್ಲಿರುವ ವೈದ್ಯರು ಹಲವೊಮ್ಮೆ ಸಾರಾಂಶವನ್ನಷ್ಟೇ ಓದುತ್ತಾರೆ. ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ 1987ರಲ್ಲಿ ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಮುಂತಾದ ಉಪಶೀರ್ಷಿಕೆಗಳ ಸಾರಾಂಶವನ್ನು ಜಾರಿಗೆ ತಂದಿತು. ಇತರ ವೈದ್ಯಕೀಯ ಪತ್ರಿಕೆಗಳೂ ಅದೇ ದಾರಿ ಹಿಡಿದವು. ಇತ್ತ, ಬೇರೆಯವರ ಕೈಯ ಸಾರಾಂಶಗಳಿಂದ ಬೆಳೆದ ‘ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್’ನ ಮುದ್ರಿತ ಆವೃತ್ತಿ 2010ರ ಹೊತ್ತಿಗೆ ನಿಂತಿತು. ಈಗ ಅದರ ದತ್ತಸಂಚಯ ಕಂಪ್ಯೂಟರಿನಲ್ಲಷ್ಟೇ ಸಿಗುತ್ತದೆ.