ಆದರ್ಶ ದ್ರವದ ಪ್ರವಾಹವೂ ಅಂಕಗಣನೆಯೂ: ಒಂದು ಚಾರಿತ್ರಿಕ ಅವಲೋಕನ

ಸ್ನಿಗ್ಧತೆಯಿಲ್ಲದ, ಸಂಕೋಚವನ್ನೊಪ್ಪದ ದ್ರವಕ್ಕೆ ಆದರ್ಶ ದ್ರವವೆಂದು ಹೆಸರು. ಅದರ ಚಲನೆಯ ಸಮೀಕರಣಗಳನ್ನು ಆಯ್ಲರನು 1757ರಲ್ಲಿಯೇ ಪ್ರಕಟಿಸಿದನು. ಪ್ರವಾಹದಲ್ಲಿ ಸುಳಿಯಿಲ್ಲವೆಂದು ಭಾವಿಸಿ ಎರಡು ಆಯಾಮಗಳಿಗೆ ಮಿತಗೊಳಿಸಿದರೆ ಸಮಸ್ಯೆಯೆಲ್ಲವೂ ಲಾಪ್ಲಾಸನ ಸಮೀಕರಣವೊಂದಕ್ಕೆ ಇಳಿಯುತ್ತದೆ. ಆದರೂ ಹತ್ತೊಂಬತ್ತನೆಯ ಶತಮಾನದ ಗಣಿತಜ್ಞರಿಗೆ ವಶವಾದುವು ಸೂತ್ರಕ್ಕೆ ಒಗ್ಗುವ ಆಕೃತಿಗಳು ಮಾತ್ರ. ಇಂಜಿನಿಯರನ ಕಾಲುವೆ ಸೂತ್ರವನ್ನು ಕೇಳಿ ತಿರುಗುವುದಿಲ್ಲವಷ್ಟೆ!

ಈ ತೊಡಕಿಗೆ ದೊರೆತ ಪರಿಹಾರದ ಮೂಲ ಜೌಗುನೆಲದಲ್ಲಿದೆಯೆಂಬುದು ಗಮನಾರ್ಹ. ಲೂಯಿಸ್ ಫ್ರೈ ರಿಚರ್ಡ್‌ಸನ್ 1906-07ರಲ್ಲಿ ಇಂಗ್ಲೆಂಡಿನ ಪೀಟ್ ಉದ್ಯಮವೊಂದರಲ್ಲಿ ರಸಾಯನಜ್ಞನಾಗಿದ್ದನು. ಮಳೆಯ ಪ್ರಮಾಣಕ್ಕೆ ತಕ್ಕಂತೆ ಬಸಿಗಾಲುವೆಗಳನ್ನು ಹೇಗೆ ತೋಡಬೇಕೆಂಬುದು ಅವನೆದುರಿಗಿದ್ದ ಪ್ರಶ್ನೆ. ಮಣ್ಣಿನಲ್ಲಿ ಇಂಗಿ ಹರಿಯುವ ನೀರು ಆದರ್ಶ ದ್ರವವಲ್ಲ. ಆದರೆ ಅದೂ ಲಾಪ್ಲಾಸನ ಸಮೀಕರಣಕ್ಕೇ ಅಧೀನ. 1908ರಲ್ಲಿ ಪ್ರವಾಹರೇಖೆಗಳನ್ನು ಕೈಯಿಂದ ಎಳೆಯುವ ಕ್ರಮವನ್ನು ಪ್ರಕಟಿಸಿ, 1910ರಲ್ಲಿ ಅಂಕಗಣಿತದ ಕ್ರಮವನ್ನು ಅವನು ರಾಯಲ್ ಸೊಸೈಟಿಯ ಮುಂದಿಟ್ಟನು.

ಈ ಬಗೆಯ ಗಣನೆಯ ತಿರುಳು ಸರಳ. ಕಾಲುವೆಯ ನಕ್ಷೆಯ ಮೇಲೆ ಚೌಕಳಿ ಎಳೆದು, ಒಂದು ದಡದುದ್ದಕ್ಕೂ ಪ್ರವಾಹಫಲನದ ಬೆಲೆ 0 ಎಂದೂ ಇನ್ನೊಂದರುದ್ದಕ್ಕೂ 100 ಎಂದೂ ಇಟ್ಟುಕೊಳ್ಳೋಣ. ಒಳಗಿನ ಪ್ರತಿಯೊಂದು ಬಿಂದುವಿನ ಬೆಲೆಯೂ ಅದರ ನಾಲ್ಕು ನೆರೆಬಿಂದುಗಳ ಸರಾಸರಿಯಾಗಿರಬೇಕು. ಮೊದಲು ಊಹೆಯಿಂದ ಬೆಲೆಗಳನ್ನು ತುಂಬಿ, ಅವು ನಿಲ್ಲುವವರೆಗೂ ತಿದ್ದುತ್ತ ಹೋಗುವುದೇ ಗಣನೆ. ಸಮಬೆಲೆಯ ಬಿಂದುಗಳನ್ನು ಜೋಡಿಸಿದರೆ ಪ್ರವಾಹರೇಖೆಗಳು ಮೂಡುತ್ತವೆ.

ತಿದ್ದುವವರು ಯಾರು? ರಿಚರ್ಡ್‌ಸನ್ ಹುಡುಗರನ್ನು ಕೂಲಿಗೆ ಇಟ್ಟುಕೊಂಡನು. ಅಂಕಗಳ ಸಂಖ್ಯೆಯನ್ನು 18ರಿಂದ ಭಾಗಿಸಿದರೆ ಬರುವಷ್ಟು ಪೆನ್ನಿ ಒಂದು ಬಿಂದುವಿಗೆ ಸುಮಾರು ದರ, ತಪ್ಪಿದುದಕ್ಕೆ ಲೆಕ್ಕವಿಲ್ಲ. ಚುರುಕಾದ ಹುಡುಗನೊಬ್ಬನು ಮೂರಂಕದ ಸಂಖ್ಯೆಗಳಲ್ಲಿ ವಾರಕ್ಕೆ ಸರಾಸರಿ 2000 ಗಣನೆಗಳನ್ನು ಮಾಡುತ್ತಿದ್ದನಂತೆ. ಅಂದರೆ ನಮ್ಮ ಲೆಕ್ಕಕ್ಕೆ ವಾರಕ್ಕೆ ಸುಮಾರು 28 ಷಿಲ್ಲಿಂಗ್. ಕೂಡು ಕಳೆಯುವ ಚಿಹ್ನೆಗಳ ಬೆರಕೆಯೇ ಅವರಿಗೆ ಹೆಚ್ಚು ಕಾಟ ಕೊಟ್ಟಿತೆಂದು ಅವನು ಬರೆದಿಟ್ಟಿದ್ದಾನೆ. ಈ ಶಾಸ್ತ್ರದ ಚರಿತ್ರೆಯಲ್ಲಿ ಆ ಹುಡುಗರಿಗೆ ಈಗಿರುವುದಕ್ಕಿಂತ ಹೆಚ್ಚಿನ ಸ್ಥಾನ ಸಲ್ಲಬೇಕೆಂದು ನಾವು ಭಾವಿಸುತ್ತೇವೆ. ಮುಂದಿನ ಸುಧಾರಣೆಗಳೆಲ್ಲವೂ ಅವರ ಶ್ರಮವನ್ನು ತಗ್ಗಿಸುವ ಉಪಾಯಗಳೇ.

ಹೊಸ ಬೆಲೆ ದೊರೆತೊಡನೆ ಅದನ್ನೇ ಬಳಸುವ ಕ್ರಮವನ್ನು ಲೀಬ್‌ಮನ್ 1918ರಲ್ಲಿ ಸೂಚಿಸಿದನು. ಸೌತ್‌ವೆಲ್ 1930ರ ದಶಕದಲ್ಲಿ ಬಳಕೆಗೆ ತಂದ ಶೈಥಿಲ್ಯ ವಿಧಾನವು ದೋಷ ಹೆಚ್ಚಿರುವ ಬಿಂದುವನ್ನು ಕಣ್ಣಿನಿಂದಲೇ ಆರಿಸುವ ಅನುಭವಿಯ ಕೈಗೆ ತಕ್ಕುದು, ಯಂತ್ರಕ್ಕಲ್ಲ. 1950ರಲ್ಲಿ ಡೇವಿಡ್ ಯಂಗ್, ಫ್ರಾಂಕೆಲ್ ಇಬ್ಬರೂ ಪ್ರತ್ಯೇಕವಾಗಿ, ತಿದ್ದುಪಡಿಯನ್ನು ಅಗತ್ಯಕ್ಕಿಂತ ತುಸು ಹೆಚ್ಚಾಗಿಯೇ ಮಾಡಿದರೆ ಫಲ ಬೇಗ ಕೈಗೂಡುವುದೆಂದು ತೋರಿಸಿದರು. ಪ್ರತಿ ಪಕ್ಕದಲ್ಲೂ 100 ಮನೆಗಳುಳ್ಳ ಚೌಕದಲ್ಲಿ ದೋಷವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು ಲೀಬ್‌ಮನ್ನನ ಕ್ರಮಕ್ಕೆ ಸುಮಾರು 2300 ಸುತ್ತುಗಳು ಬೇಕು. ಯಂಗನ ಕ್ರಮಕ್ಕೆ ಸುಮಾರು 40 ಸಾಕು.

ಕಡೆಯದಾಗಿ ವಿದ್ಯಾರ್ಥಿಗಳ ಗಮನಕ್ಕೆ ಒಂದು ಮಾತು. ಕಾಲುವೆ ಥಟ್ಟನೆ ಕಿರಿದಾಗುವೆಡೆ ಪ್ರವಾಹದೊಳಕ್ಕೆ ಚಾಚಿದ ಚೂಪುಮೂಲೆಯಲ್ಲಿ ಆದರ್ಶ ದ್ರವದ ವೇಗ ಅನಂತವಾಗುತ್ತದೆ. ಚೌಕಳಿಯು ಇದನ್ನು ಹೇಳದು. ಅದು ಸೌಮ್ಯವಾದೊಂದು ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಲಂಬಕೋನದ ಅಂತಹ ಮೂಲೆಯಲ್ಲಿ ಮನೆಯ ಅಳತೆಯನ್ನು ಅರ್ಧಕ್ಕೆ ಇಳಿಸಿದಾಗಲೆಲ್ಲ ಆ ಸಂಖ್ಯೆ ಶೇಕಡ 26ರಷ್ಟು ಏರುತ್ತಲೇ ಹೋಗುವುದು. ನಿಜವಾದ ನೀರು ಅಲ್ಲಿ ದಡವನ್ನು ಬಿಟ್ಟು ಸರಿದು ಸುಳಿಗಟ್ಟುತ್ತದೆ.